ಕಾಫಿ ಮಲೆಯ ಶಾಲೆಯೂ ಗುರುತ್ವದ ಕರೆಯೂ

(ಧರ್ಮಕೇಂದ್ರದ ಶತಮಾನೋತ್ಸವ ಸಭೆಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಗಳ ಹಾಗೂ ಅಧ್ಯಾಪಕರ ಪರವಾಗಿ ಮಾಡಿದ ಭಾಷಣ)



ಈ ಧರ್ಮಕೇಂದ್ರದಿಂದ ದೇವರ ಸೇವೆಗೆ ಹೊರಟ ಗುರುಗಳ ಹಾಗೂ ಕನ್ಯಾಸ್ತ್ರೀಯರ ಪಟ್ಟಿ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅಚ್ಚಾಗಲಿದೆ. ಅದನ್ನೇ ಇಲ್ಲಿ ಮತ್ತೊಮ್ಮೆ ಓದಿ ತಮ್ಮ ಸಮಯವನ್ನು ತೆಗೆದುಕೊಳ್ಳುವ ಉದ್ದೇಶ ನಮಗಿಲ್ಲ. ಆ ಹೆಸರುಗಳು ಎಲ್ಲಿಂದ ಬಂದವು, ಯಾವ ಮನೆಯ ಅಂಗಳದಿಂದ, ಯಾವ ಬೆಂಚಿನಿಂದ ಎದ್ದು ಬಂದವು, ಮತ್ತು ಈಚಿನ ವರ್ಷಗಳಲ್ಲಿ ಏಕೆ ವಿರಳವಾದವು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ನಮ್ಮ ಧರ್ಮಪ್ರಾಂತ್ಯವು ವಯಸ್ಸಿನಲ್ಲಿ ನಮ್ಮ ಧರ್ಮಕೇಂದ್ರಕ್ಕಿಂತ ಕಿರಿಯದು. 1963ರ ನವೆಂಬರ್ 16ರಂದು ಜಗದ್ಗುರು ಆರನೆಯ ಪೌಲರು ಮೈಸೂರು ಧರ್ಮಪ್ರಾಂತ್ಯದಿಂದ ಚಿಕ್ಕಮಗಳೂರನ್ನು ಬೇರ್ಪಡಿಸಿದರು. ಮೊದಲ ಧರ್ಮಾಧ್ಯಕ್ಷರಾಗಿ ಬಂದ ಪರಮಪೂಜ್ಯ ಅಲ್ಫೋನ್ಸಸ್ ಮಥಾಯಸ್‌ರವರಿಗೆ ಆಗ ಕೇವಲ 35 ವರ್ಷ. ಹಾಸನ, ಶಿವಮೊಗ್ಗ, ಚಿಕ್ಕಮಗಳೂರು ಮೂರೂ ಜಿಲ್ಲೆಗಳು ಅವರ ಪಾಲಿಗೆ ಬಂದಿದ್ದವು. 1986ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ತೆರಳುವವರೆಗೂ ಈ ಬೆಟ್ಟದ ಹಾದಿಗಳಲ್ಲಿ ಓಡಾಡಿದ ಆ ಕುರುಬರು 2024ರ ಜುಲೈಯಲ್ಲಿ ದೈವಾಧೀನರಾದರು. ಅವರಿಗಿಂತ ಮುಂಚೆ ಈ ಸೀಮೆಯ ವಿಶ್ವಾಸವನ್ನು ಕಾಪಾಡಿದವರು ಮೈಸೂರು ಮಿಷನ್ನಿನ ಫ್ರೆಂಚ್ ಗುರುಗಳು. ಅವರ ಬಳಿಯಿದ್ದದ್ದು ಒಂದು ಕುದುರೆ, ಒಂದು ಪೂಜಾ ಪೆಟ್ಟಿಗೆ ಮತ್ತು ಒಬ್ಬ ಉಪದೇಶಿ ಮಾತ್ರ. ಗುರುಗಳು ಬಾರದ ವಾರಗಳೇ ಹೆಚ್ಚು. ಆ ವಾರಗಳಲ್ಲಿ ಜನರನ್ನು ಒಟ್ಟಿಗೆ ಹಿಡಿದಿಟ್ಟದ್ದು ಜಪಸರ.

ಹಾಸನದ ಬಳಿಯ ಶೆಟ್ಟಿಹಳ್ಳಿಯನ್ನು ತಾವೆಲ್ಲ ಬಲ್ಲಿರಿ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿದ, ಜಪಸರ ಮಾತೆಗೆ ಅರ್ಪಿತವಾದ ಆ ದೇವಾಲಯವು ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗುತ್ತ ಬೇಸಿಗೆಯಲ್ಲಿ ಮೇಲೇಳುತ್ತ ನಿಂತಿದೆ. ಊರಿಂದೂರಿಗೆ ಜನ ಅದರ ಚಿತ್ರ ತೆಗೆಯಲು ಬರುತ್ತಾರೆ. ಊರು ಬಿಟ್ಟು ಹೊರಟ ಕುಟುಂಬಗಳು ಗೋಡೆಯನ್ನು ಹೊತ್ತೊಯ್ಯಲಾರದೆ ಹೋದರೂ ಮಣಿಸರವನ್ನು ಒಯ್ದವು. ಇದು ನಮ್ಮ ಕಾಫಿ ಸೀಮೆಗೂ ಸಲ್ಲುವ ಮಾತೇ. ಇಲ್ಲಿಗೆ ಬಂದವರೆಲ್ಲರೂ ಒಂದು ಊರು ಬಿಟ್ಟು ಬಂದವರು. ಚಾರ್ಮಾಡಿ ಘಾಟಿ ಹತ್ತಿ ದಕ್ಷಿಣ ಕನ್ನಡದಿಂದ ಬಂದ ಕೊಂಕಣಿ ಮಾತಿನ ರೈಟರುಗಳು, ಬಡಗಿಗಳು, ತೋಟದ ಕೆಲಸದವರು, ಮೇಸ್ತ್ರಿಯೊಡನೆ ಬಂದ ತಮಿಳರು, ಕೇರಳದ ಕಡೆಯಿಂದ ಬಂದವರು, ಬಯಲುಸೀಮೆಯ ಕನ್ನಡಿಗರು. ಇವರೆಲ್ಲರ ಮಕ್ಕಳು ಮೊದಲ ಬಾರಿಗೆ ಒಂದೇ ಸಾಲಿನಲ್ಲಿ ಕುಳಿತದ್ದು ನಮ್ಮ ಶಾಲೆಯಲ್ಲಿ, ಒಂದೇ ಭಾಷೆಯಲ್ಲಿ ಪ್ರಾರ್ಥಿಸಲು ಕಲಿತದ್ದೂ ಅಲ್ಲಿಯೇ.

ಮರಿಯಮ್ಮನವರಿಗೆ ಮೀಸಲಾದ ತಿಂಗಳು ಎರಡು, ಮೇ ಮತ್ತು ಅಕ್ಟೋಬರ್. ಮೇ ತಿಂಗಳು ನಮ್ಮ ಶಾಲೆಗೆ ದಕ್ಕುತ್ತಿರಲಿಲ್ಲ, ರಜೆಯ ಕಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಡಿಗೆರೆ ಕಳಸದ ಮಳೆ ಹೇಗಿರುತ್ತದೆಂಬುದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಹೊಳೆ ತುಂಬಿದರೆ ಮಕ್ಕಳು ಶಾಲೆಗೇ ಬರುತ್ತಿರಲಿಲ್ಲ. ನವೆಂಬರ್ ಹೊಕ್ಕಿತೆಂದರೆ ಅರೇಬಿಕಾ ಹಣ್ಣಿನ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಲೈನು ಮನೆಯ ಮಕ್ಕಳು ಬುಟ್ಟಿ ಹಿಡಿದು ತಾಯಿಯ ಹಿಂದೆ ಹೊರಡುವ ಕಾಲ. ಮಳೆ ಇಳಿದು ಕೊಯ್ಲು ಆರಂಭವಾಗುವುದರೊಳಗೆ ಸಿಗುತ್ತಿದ್ದ ಒಂದೇ ನಿರುಮ್ಮಳದ ತಿಂಗಳು ಅಕ್ಟೋಬರ್. ಆ ತಿಂಗಳನ್ನು ಜಪಸರಕ್ಕೆ ಮೀಸಲಿಟ್ಟವರು ಜಗದ್ಗುರು ಹದಿಮೂರನೆಯ ಲಿಯೋರವರು, 1883ರಲ್ಲಿ. ಅವರು ಕಾಫಿ ತೋಟವನ್ನು ಕಂಡವರಲ್ಲ. ಆದರೂ ನಮ್ಮ ತೋಟದ ಪಂಚಾಂಗವನ್ನು ನೋಡಿಯೇ ಗೊತ್ತುಮಾಡಿದಂತಿದೆ ಎಂದು ನಮ್ಮ ಹಿರಿಯ ಅಧ್ಯಾಪಕರೊಬ್ಬರು ನಗೆಯಾಡುತ್ತಿದ್ದರು.

ಆ ತಿಂಗಳು ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ತಂಡ ಕಟ್ಟಿಕೊಂಡು ಒಂದೊಂದು ದಿನ ಒಂದೊಂದು ತೋಟದ ಲೈನಿಗೆ ಹೋಗುತ್ತಿದ್ದರು. ಸೀಮೆಎಣ್ಣೆಯ ದೀಪ, ಗೋಡೆಗೆ ತೂಗುಹಾಕಿದ ಮಾತೆಯ ಪಟ, ಚಾಪೆ. ಅಲ್ಲಿ ಜಪಸರವನ್ನು ನಡೆಸಿಕೊಡುತ್ತಿದ್ದವನು ಗುರುವೂ ಅಲ್ಲ, ಉಪದೇಶಿಯೂ ಅಲ್ಲ. ಏಳನೆಯ ತರಗತಿಯ ಹುಡುಗ ಅಥವಾ ಹುಡುಗಿ. ಐದು ರಹಸ್ಯಗಳನ್ನು ಬಾಯಿಪಾಠದಿಂದ ಹೇಳಬೇಕು. ಹತ್ತು ಮಣಿಗಳ ಎಣಿಕೆ ತಪ್ಪಬಾರದು. ಮನೆಯಲ್ಲಿ ರೋಗಿಯಿದ್ದರೆ ಅವರ ಹೆಸರು ಹೇಳಿ ಪ್ರಾರ್ಥಿಸಬೇಕು. ಕುಡಿದು ಬಂದ ಮನೆಯೊಡೆಯ ಮೂಲೆಯಲ್ಲಿ ಕುಳಿತು ಗೊಣಗಿದರೂ ಧ್ವನಿ ಕುಗ್ಗಬಾರದು. ಮುಗಿದ ಮೇಲೆ ಬೆಲ್ಲದ ಕಾಫಿ ಕುಡಿದು, ಮುದುಕಿಯರ ಕಷ್ಟಸುಖ ಕೇಳಿ, ಕತ್ತಲಲ್ಲಿ ಹಿಂದಿರುಗಬೇಕು. ಇನ್ನೊಬ್ಬರಿಗಾಗಿ ದೇವರ ಮುಂದೆ ನಿಲ್ಲುವುದು, ಜನರ ನೋವನ್ನು ಹೆಸರು ಹಿಡಿದು ಅಲ್ಲಿ ತಿಳಿಸುವುದು, ಜನರು ಕೊಟ್ಟದ್ದನ್ನು ಸಂಕೋಚವಿಲ್ಲದೆ ಉಣ್ಣುವುದು: ಗುರುಗಳ ಬಾಳಿನ ಮುಕ್ಕಾಲು ಪಾಲು ಇದೇ ಅಲ್ಲವೇ? ಇದನ್ನು ಆ ಹುಡುಗನು ಹನ್ನೆರಡನೆಯ ವಯಸ್ಸಿನಲ್ಲಿಯೇ, ಇದು ತರಬೇತಿ ಎಂಬ ಅರಿವಿಲ್ಲದೆ, ಕಲಿತಿರುತ್ತಿದ್ದನು. ಸೆಮಿನರಿಯ ಬಾಗಿಲು ಅವನಿಗೆ ಹೊಸ ಮನೆಯ ಬಾಗಿಲಾಗಿ ಕಾಣುತ್ತಿರಲಿಲ್ಲ.

ಸೆಪ್ಟೆಂಬರ್ 8ರ ಮಾತೆಯ ಜನ್ಮದಿನದ ಹಬ್ಬವನ್ನು ಹೇಳದೆ ಮುಂದೆ ಹೋಗಲಾಗದು. ಕೊಂಕಣಿ ಕುಟುಂಬಗಳು ಮೊಂತಿ ಫೆಸ್ತ್ ಎಂದು ಕರೆಯುವ ಈ ತೆನೆಹಬ್ಬದ ಮೂಲ, 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೋ ಗುಡ್ಡದಲ್ಲಿ ಜೋಕಿಂ ಮಿರಾಂಡರೆಂಬ ಗುರುಗಳು ಆರಂಭಿಸಿದ ಆಚರಣೆಯೆಂದು ಹೇಳುತ್ತಾರೆ. ಒಂಬತ್ತು ದಿನ ಮಕ್ಕಳು ಬಾಲಮರಿಯಮ್ಮನ ಮುಂದೆ ಹೂ ಸುರಿಯುತ್ತಾರೆ. ಕರಾವಳಿಯ ಹೂಗಳು ಬೇರೆ. ನಮ್ಮ ಮಲೆನಾಡಿನ ಮಳೆಗೆ ಅರಳುವುದು ಡೇರೆ ಹೂ, ಗೌರಿ ಹೂ. ಅವನ್ನು ತರುತ್ತಿದ್ದವರು ಕ್ರೈಸ್ತ ಮಕ್ಕಳಷ್ಟೇ ಅಲ್ಲ. ಗೌರಿ ಹಬ್ಬಕ್ಕೆಂದು ಬೆಳೆಸಿದ ಗಿಡದಿಂದಲೇ ನಾಲ್ಕು ಹೂ ಕಿತ್ತು, ಒಕ್ಕಲಿಗರ ಮನೆಯ ಹುಡುಗಿ ನಮ್ಮ ಮಕ್ಕಳ ಬುಟ್ಟಿಗೆ ಹಾಕುತ್ತಿದ್ದಳು. ಯಾರೂ ಕೇಳಿರಲಿಲ್ಲ. ನಮ್ಮ ಶಾಲೆಗಳಲ್ಲಿ ಅನ್ಯಧರ್ಮದ ಮಕ್ಕಳೇ ಬಹುಸಂಖ್ಯಾತರು. ಸರ್ಕಾರದ ಮನ್ನಣೆ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಪೂಜೆ ಪ್ರಾರ್ಥನೆಗಳಲ್ಲಿ ಭಾಗವಹಿಸುವಂತೆ ಮಾಡಬಾರದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅದು ನ್ಯಾಯವೂ ಹೌದು. ಒತ್ತಾಯದ ಹೂವು ಮಾತೆಗೆ ಬೇಡ. ಧರ್ಮೋಪದೇಶ ನಮ್ಮ ಮಕ್ಕಳಿಗೆ, ನೀತಿಪಾಠ ಎಲ್ಲರಿಗೆ ಎಂಬ ಏರ್ಪಾಡನ್ನು ಬಿಗಿಯಾಗಿ ಪಾಲಿಸಿದ್ದರಿಂದಲೇ ಊರಿನ ವಿಶ್ವಾಸ ಈ ಶಾಲೆಯ ಮೇಲೆ ಉಳಿದಿದೆ.

ಶಾಲೆಯೊಳಗೆ ಮರಿಯ ಭಕ್ತಿಯನ್ನು ಬೆಳೆಸುವುದು ಹಳೆಯ ಪದ್ಧತಿಯೇ. 1563ರಲ್ಲಿ ರೋಮಿನ ಯೇಸುಸಭೆಯ ವಿದ್ಯಾಲಯದಲ್ಲಿ ಜಾನ್ ಲಯೂನಿಸ್ ಎಂಬ ಬೆಲ್ಜಿಯಂ ದೇಶದ ಯುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕೂಡಿಸಿ ಆರಂಭಿಸಿದ ಸಣ್ಣ ಕೂಟವೇ ಮುಂದೆ ಸೊಡಾಲಿಟಿಯೆಂದು ಲೋಕವನ್ನೆಲ್ಲ ವ್ಯಾಪಿಸಿತು. ಅದು ಹುಟ್ಟಿದ್ದು ಮಠದಲ್ಲಲ್ಲ, ತರಗತಿಯಲ್ಲಿ, ಮೇಷ್ಟರೊಬ್ಬರಿಂದ ಎಂಬುದು ಅಧ್ಯಾಪಕ ಬಂಧುಗಳು ನೆನಪಿಡತಕ್ಕ ಸಂಗತಿ.

ಬಾಲಕ ಸಮುವೇಲನ ಕಥೆ ತಮಗೆ ತಿಳಿದೇ ಇದೆ. ರಾತ್ರಿ ಮೂರು ಸಲ ಕರೆ ಬಂದರೂ ಕರೆದವರು ಯಾರೆಂದು ಅವನಿಗೆ ತಿಳಿಯಲಿಲ್ಲ. ಪ್ರತಿ ಸಲವೂ ಎದ್ದು ಮುದುಕ ಏಲಿಯ ಬಳಿಗೆ ಓಡಿದನು. ಏಲಿಯ ಕಣ್ಣು ಮಬ್ಬಾಗಿತ್ತು, ಅವನ ಸ್ವಂತ ಮಕ್ಕಳು ದಾರಿ ಬಿಟ್ಟಿದ್ದರು. ಆದರೂ ಕರೆಯುತ್ತಿರುವವನು ದೇವರು ಎಂದು ಗುರುತಿಸಿ ಹುಡುಗನಿಗೆ ಹೇಳಿದವನು ಅವನೇ. ದೈವಕರೆಯನ್ನು ಮಗು ಒಂಟಿಯಾಗಿ ಕೇಳಲಾರದು, ಅದರ ಪಕ್ಕದಲ್ಲಿ ಒಬ್ಬ ಏಲಿ ಇರಬೇಕಾಗುತ್ತದೆ.

ನಮ್ಮ ಬೆಟ್ಟಗಳಲ್ಲಿ ಹುಡುಗನೊಬ್ಬನನ್ನು ಸೆಮಿನರಿಗೆ ಕಳಿಸುವುದೆಂದರೆ ಸಂಬಳ ತರಬೇಕಾದ ಒಂದು ಕೈ ಕಡಿಮೆಯಾಗುವುದೆಂದು ಅರ್ಥ. ಲೈನು ಮನೆಯ ಹುಡುಗನೊಬ್ಬ ನಮ್ಮೊಂದಿಗಿದ್ದನು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ದೇವಾಲಯದಲ್ಲಿ ಕೊಂಕಣಿಯ ಗೀತೆಗಳನ್ನೂ ಹಾಡುತ್ತಿದ್ದನು. ತಂದೆಯ ಹೆಸರಿನಲ್ಲಿ ಮುಂಗಡದ ಸಾಲವಿತ್ತು. ಹುಡುಗ ಸೆಮಿನರಿಗೆ ಹೋಗಬೇಕೆಂದಾಗ ತಾಯಿ ಅತ್ತಳು, ತಂದೆ ಮಾತಾಡಲಿಲ್ಲ. ಶಾಲೆಯ ಮೇಷ್ಟರುಗಳು ತಮ್ಮ ತಮ್ಮಲ್ಲೇ ಹಣ ಕೂಡಿಸಿ ಸಾಲ ತೀರಿಸಿದರು. ಮೂರು ವರ್ಷಗಳ ನಂತರ ಅವನು ಹಿಂದಿರುಗಿದನು. ಗುರುತ್ವ ತನ್ನ ದಾರಿಯಲ್ಲವೆಂದು ಅವನಿಗೂ ಅವನ ಗುರುಗಳಿಗೂ ಮನವರಿಕೆಯಾಗಿತ್ತು. ಊರಿನಲ್ಲಿ ಕೆಲವರು ಆಡಿಕೊಂಡರು. ಸಾಲ ತೀರಿಸಿದ ಮೇಷ್ಟರುಗಳು ಮಾತ್ರ ಒಂದು ಮಾತನ್ನೂ ಆಡಲಿಲ್ಲ. ಅವನನ್ನು ಅಧ್ಯಾಪಕ ತರಬೇತಿಗೆ ಸೇರಿಸಿದರು. ಅವನು ಮೂವತ್ತು ವರ್ಷ ಕನ್ನಡ ಕಲಿಸಿದನು, ಧರ್ಮೋಪದೇಶದ ತರಗತಿಗಳನ್ನು ನಡೆಸಿದನು. ಅವನ ಕೈಕೆಳಗೆ ಕಲಿತ ಇಬ್ಬರು ಇಂದು ಗುರುಗಳು. ಸೆಮಿನರಿಯಿಂದ ಮರಳಿದವನನ್ನು ‘ಓಡಿಬಂದವನು’ ಎಂದು ಕರೆಯುವ ಕೆಟ್ಟ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಆ ಒಂದು ಮಾತಿಗೆ ಹೆದರಿ ಮನೆಯ ಹೊಸ್ತಿಲು ದಾಟದೆ ಉಳಿದ ಹುಡುಗರು ಎಷ್ಟು ಜನರೋ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಗುರುಗಳ ತರಬೇತಿಯನ್ನು ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ, ಕರೆಗಳನ್ನು ಬೆಳೆಸುವ ಹೊಣೆ ಇಡೀ ಕ್ರೈಸ್ತ ಸಮುದಾಯದ್ದೆಂದೂ, ವಿಶ್ವಾಸ ತುಂಬಿದ ಕುಟುಂಬವು ಮೊದಲ ಸೆಮಿನರಿಯಂತೆ ಇರುತ್ತದೆಂದೂ ತಿಳಿಸಿದೆ. ಅದಕ್ಕೂ ಹಿಂದಿನ ವರ್ಷ, 1964ರಲ್ಲಿ, ದೈವಕರೆಗಳಿಗಾಗಿ ಪ್ರಾರ್ಥಿಸುವ ವಿಶ್ವದಿನ ಆರಂಭವಾಯಿತು. ಪಾಸ್ಕ ಕಾಲದ ಆ ಭಾನುವಾರ ನಾವೆಲ್ಲರೂ ಗುರುಗಳಿಗಾಗಿ ಬೇಡುತ್ತೇವೆ. ಆದರೆ ಬೇಡುವಾಗ ಪ್ರತಿಯೊಂದು ಮನೆಯವರ ಮನಸ್ಸಿನಲ್ಲಿರುವುದು ಪಕ್ಕದ ಮನೆಯ ಮಗ! ಕಾರಣಗಳಿಲ್ಲವೆಂದಲ್ಲ. ಹಿಂದೆ ಆರೇಳು ಮಕ್ಕಳಿದ್ದ ಮನೆಗಳಲ್ಲಿ ಇಂದು ಒಬ್ಬರೋ ಇಬ್ಬರೋ. ಓದಿದವರು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೊರಟುಹೋಗುತ್ತಾರೆ. ಲೈನುಗಳಲ್ಲಿ ಈಗ ದೂರದ ರಾಜ್ಯಗಳಿಂದ ಬಂದ ಹೊಸ ಕಾರ್ಮಿಕರಿದ್ದಾರೆ. ಸಂಜೆಯ ಹೊತ್ತು ಟ್ಯೂಷನ್ನಿಗೆ, ಮೊಬೈಲಿಗೆ ಹೋಗಿದೆ. ಇವನ್ನೆಲ್ಲ ನಾವು ಬದಲಾಯಿಸಲಾರೆವು. ಹೊಸ ಕಾರ್ಮಿಕರಲ್ಲಿಯೂ ನಮ್ಮ ವಿಶ್ವಾಸದವರಿದ್ದಾರೆಂಬುದನ್ನು ಮಾತ್ರ ಗಮನಿಸಬೇಕು. ಅವರ ಮಕ್ಕಳು ನಮ್ಮ ಶಾಲೆಯ ಹಿಂದಿನ ಬೆಂಚಿನಲ್ಲಿ, ಭಾಷೆ ಬಾರದೆ, ಸುಮ್ಮನೆ ಕುಳಿತಿರುತ್ತಾರೆ. ಒಂದು ಕಾಲಕ್ಕೆ ನಮ್ಮ ಅಜ್ಜಂದಿರು ಕುಳಿತ ಬೆಂಚು ಅದೇ.

ಮರಿಯಮ್ಮನವರು ಕಾನಾ ಊರಿನ ಮದುವೆಮನೆಯಲ್ಲಿ ದ್ರಾಕ್ಷಾರಸ ತೀರಿಹೋದುದನ್ನು ಎಲ್ಲರಿಗಿಂತ ಮೊದಲು ಗಮನಿಸಿ, ಆಳುಗಳನ್ನು ಮಗನ ಕಡೆಗೆ ಕಳುಹಿಸಿದರು. 2002ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಜಪಸರಕ್ಕೆ ಸೇರಿಸಿದ ಬೆಳಕಿನ ರಹಸ್ಯಗಳಲ್ಲಿ ಎರಡನೆಯದು ಇದೇ. ಗುರುವಾರದ ಜಪಸರದಲ್ಲಿ ಆ ಹತ್ತು ಮಣಿಗಳನ್ನು ನಮ್ಮ ಧರ್ಮಕೇಂದ್ರದ ಕರೆಗಳಿಗಾಗಿ ಅರ್ಪಿಸಬಹುದೆಂದು ವಿಚಾರಣಾ ಗುರುಗಳಲ್ಲಿ ಬಿನ್ನವಿಸಿದ್ದೇವೆ, ಅವರು ಒಪ್ಪಿದ್ದಾರೆ.

ಬರುವ ಅಕ್ಟೋಬರಿಗೆ ಮನೆಮನೆಯ ಜಪಸರದ ಪಟ್ಟಿ ಸಿದ್ಧವಾಗುತ್ತಿದೆ. ಈ ಸಲ ಪಟ್ಟಿಯನ್ನು ದೇವಾಲಯದ ಪಕ್ಕದ ಮನೆಗಳಿಂದಲ್ಲ, ಅತಿ ದೂರದ ಲೈನುಗಳಿಂದ ಆರಂಭಿಸಬೇಕೆಂದು ನಮ್ಮ ಕೋರಿಕೆ. ನಡೆಸಿಕೊಡುವವರು ಆಯಾ ಮನೆಯ ಮಗುವೇ ಆಗಿರಲಿ, ಭಾಷೆ ಆ ಮನೆಯದೇ ಆಗಿರಲಿ. ಎಣಿಕೆ ತಪ್ಪಿದರೆ ಹಿರಿಯರು ನಡುವೆ ಬಾಯಿ ಹಾಕುವುದು ಬೇಡ. ಜೀಪು ಉಳ್ಳವರು ಮಕ್ಕಳನ್ನು ಕತ್ತಲಾಗುವ ಮುನ್ನ ಕರೆದೊಯ್ದು ಹಿಂದಕ್ಕೆ ಮುಟ್ಟಿಸಲು ಹೆಸರು ಕೊಡಬೇಕು. ಹಾಳೆಯು ಶಾಲೆಯ ಕಚೇರಿಯಲ್ಲಿದೆ.