ಬೆಟ್ಟದಿಂದ ಇಳಿಯುವ ಪ್ರೀತಿ
(ಆಗಸ್ಟ್ 6, ಪ್ರಭುವಿನ ದಿವ್ಯ ರೂಪಾಂತರ ಹಬ್ಬದ ಪ್ರಬೋಧನೆ)



ಆಳಂದ, ಅಫಜಲಪುರ, ಜೇವರ್ಗಿಯ ನಮಗೆ ಬೆಟ್ಟವೆಂದರೆ ಅಪರೂಪ. ಕಣ್ಣು ಹಾಯಿಸಿದಷ್ಟೂ ಕಪ್ಪು ಮಣ್ಣು, ತೊಗರಿ ಹೊಲ. ಹಾಗಾಗಿ ಕಳೆದ ಚಳಿಗಾಲದಲ್ಲಿ, ಪುಣೆಯಲ್ಲಿ ದುಡಿಯುತ್ತಿರುವ ನಮ್ಮ ಭಾಗದ ಕೆಲವು ಕುಟುಂಬಗಳೊಡನೆ ಒಂದು ದಿನದ ಪ್ರವಾಸಕ್ಕೆ ರಾಯಗಡಕ್ಕೆ ಹೋದಾಗ ನಾವು ಮಕ್ಕಳಂತೆ ಹಿಗ್ಗಿದೆವು.

1674ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದ ಈ ಕೋಟೆ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ನಡೆದು ಹೋಗುವವರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. 1996ರಿಂದ ಅಲ್ಲಿ ರೋಪ್‌ವೇ ಇದೆ. ತೂಗುವ ಪೆಟ್ಟಿಗೆಯಲ್ಲಿ ಕುಳಿತರೆ ಕೆಲವೇ ನಿಮಿಷಗಳಲ್ಲಿ ಮೇಲೆ! ಮೊಣಕಾಲು ನೋವಿನ ಅಜ್ಜಿಯರೂ ನಮ್ಮೊಂದಿಗೆ ಬಂದರು. ಸುತ್ತಲೂ ಸಹ್ಯಾದ್ರಿಯ ಸಾಲು ಸಾಲು ಬೆಟ್ಟಗಳು. "ಇಲ್ಲೇ ಇದ್ದುಬಿಡೋಣ್ರೀ, ಮನೆ ಬಾಡಿಗೆಯ ಚಿಂತೆ ಇಲ್ಲ" ಎಂದರು ಒಬ್ಬರು. ಎಲ್ಲರೂ ನಕ್ಕೆವು.

ಪೇತ್ರರೂ ಅದನ್ನೇ ಬಯಸಿದರಲ್ಲವೇ? ಪ್ರಭುವಿನ ಮುಖ ಪ್ರಕಾಶಿಸಿತು, ಮೋಶೆ ಮತ್ತು ಎಲೀಯ ಕಾಣಿಸಿಕೊಂಡರು. ಮೂರು ಗುಡಾರ ಕಟ್ಟಿ ಅಲ್ಲೇ ಉಳಿಯುವ ಆಸೆ ಪೇತ್ರರಿಗೆ. ಆದರೆ ಯೇಸುಸ್ವಾಮಿ ಶಿಷ್ಯರನ್ನು ಕರೆದುಕೊಂಡು ಕೆಳಗಿಳಿದರು. ಕೆಳಗೆ ಯಾರಿದ್ದರು? ನರಳುವ ಒಬ್ಬ ಹುಡುಗ, ಅವನಿಗಾಗಿ ಅಂಗಲಾಚುವ ತಂದೆ. ಸಂತ ಲೂಕರು ಈ ಎರಡು ಘಟನೆಗಳನ್ನು ಒಂದರ ಹಿಂದೆ ಒಂದು ಬರೆದಿದ್ದಾರೆ. ಬೆಟ್ಟದ ಬೆಳಕು ಕೆಳಗಿನ ಮಗುವಿಗಾಗಿ!

ರಾಯಗಡದಲ್ಲಿ ಹಿರಕಣಿ ಬುರುಜು ಎಂಬುದಿದೆ. ಹಾಲು ಮಾರಲು ಕೋಟೆಗೆ ಬಂದ ಹಿರಕಣಿಗೆ ಹೊತ್ತು ಮುಳುಗಿದ್ದು ತಿಳಿಯಲಿಲ್ಲ, ಬಾಗಿಲು ಮುಚ್ಚಿತು. ಮನೆಯಲ್ಲಿ ಹಸುಗೂಸು. ಆಕೆ ಕತ್ತಲಲ್ಲಿ ಕಡಿದಾದ ಬಂಡೆಯನ್ನೇ ಹಿಡಿದು ಇಳಿದಳು. ಇದು ಅಲ್ಲಿನ ಜನ ಹೇಳಿಕೊಂಡು ಬಂದ ಕಥೆ. ಅದನ್ನು ಕೇಳಿ ನಮ್ಮಲ್ಲಿ ಒಬ್ಬ ತಾಯಿ ಮೌನವಾದರು. ಅವರ ಮಗ ಜೇವರ್ಗಿಯ ಹಳ್ಳಿಯಲ್ಲಿ ಅಜ್ಜಿಯ ಬಳಿ ಇದ್ದಾನೆ. ಮೇಲೆ ನಿಂತು ಊರಿಗೆ ಫೋನ್ ಮಾಡಿದರು. "ಅವ್ವಾ, ಯಾವಾಗ ಬರ್ತೀ?" ಎಂಬ ದನಿ ನಮಗೂ ಕೇಳಿಸಿತು.

ಪ್ರಿಯರೇ, ದುಡಿಯಲು ಹೋದವರನ್ನು ನಾವು ದೂರುವುದಿಲ್ಲ. ಮಳೆ ಕೈಕೊಟ್ಟಾಗ ಹೊಟ್ಟೆಪಾಡು ದೂರ ಕಳಿಸುತ್ತದೆ. ಆದರೆ ಹಿಂದೆ ಉಳಿದ ಮಕ್ಕಳು ಯಾರವರು? ನಮ್ಮವರೇ. ರೋಪ್‌ವೇಯಲ್ಲಿ ಒಂದು ಕಡೆಯ ಪೆಟ್ಟಿಗೆ ಏರುವಾಗ ಇನ್ನೊಂದು ಕಡೆಯದು ಇಳಿಯುತ್ತದೆ, ಎರಡನ್ನೂ ಎಳೆಯುವುದು ಒಂದೇ ಹಗ್ಗ. ನಾವೂ ಹಾಗೆಯೇ ಒಬ್ಬರಿಗೊಬ್ಬರು ಕಟ್ಟಿಕೊಂಡವರು.

ಈ ಬಲಿಪೂಜೆಯೇ ನಮ್ಮ ಬೆಟ್ಟ. ಇಲ್ಲಿ ಪ್ರಭುವನ್ನು ಕಂಡ ನಾವು ಇಂದು ಕೆಳಗಿಳಿಯೋಣ. ಊರಲ್ಲಿರುವವರು ಅಂಥ ಒಂದು ಮಗುವನ್ನು ಮನೆಗೆ ಕರೆದು ಊಟ ಹಾಕಿ, ಶಾಲೆಯ ಪಾಠ ವಿಚಾರಿಸೋಣ. ದೂರ ಇರುವವರು ಹಣ ಕಳಿಸುವುದರ ಜೊತೆಗೆ ಮಗುವಿನ ಮಾತನ್ನು ಕೊನೆಯವರೆಗೂ ಕೇಳೋಣ. ಆ ಮಗುವಿನ ಮುಖ ಅರಳಿದಾಗ, ಬೆಟ್ಟದ ಮೇಲೆ ಬೆಳಗಿದ ಪ್ರಭುವಿನ ಮುಖವನ್ನು ನಾವು ಬಯಲುಸೀಮೆಯಲ್ಲೇ ಕಾಣುವೆವು.

ಆಮೆನ್.