ಕದಡಿದ ನೀರು ತಿಳಿಯಾಗುವ ಬಗೆ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಹಕಾರ ಸಂಘದ ಹಬ್ಬದಲ್ಲಿ ಮಣ್ಣು ನೀರಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಾವು ಸಂಘದಿಂದ ಸಾಲ ಎತ್ತಿ ಗೊಬ್ಬರ ತರುತ್ತೇವೆ. ಅದರಲ್ಲಿ ಒಂದು ಪಾಲು ನಾಟಿ ಕಾಲದಲ್ಲಿ ಕೆಂಪು ನೀರಿನ ಜೊತೆ ಹಳ್ಳ ಸೇರುತ್ತದೆ. ಹಾಗಾಗಿ ಈ ವಿಷಯ ಸಂಘದ ಲೆಕ್ಕದ ಪುಸ್ತಕಕ್ಕೂ ಸೇರಿದ್ದೇ.

ಉಪ್ಪು ನೀರಿನಲ್ಲಿ ಕರಗುತ್ತದೆ. ಎಷ್ಟು ದಿನ ಇಟ್ಟರೂ ತಳಕ್ಕೆ ಇಳಿಯೋದಿಲ್ಲ, ನೀರನ್ನು ಆರಿಸಿಯೇ ತೆಗೆಯಬೇಕು. ಮಣ್ಣು ಹಾಗಲ್ಲ. ಅದು ಕರಗೋದಿಲ್ಲ, ಬರೀ ತೇಲುತ್ತಿರುತ್ತದೆ. ನೀರು ಓಡುವಾಗ ಆ ಸೆಳೆತವೇ ಕಣಗಳನ್ನು ಎತ್ತಿ ಹಿಡಿದಿರುತ್ತದೆ. ನಿಂತ ಕೂಡಲೇ ಭಾರಕ್ಕೆ ತಕ್ಕಂತೆ ಇಳಿಯತೊಡಗುತ್ತವೆ.

ಮನೆಯಲ್ಲೇ ನೋಡಬಹುದು. ಗದ್ದೆಯ ಒಂದು ಹಿಡಿ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಕಣ್ಣೆದುರಿಗೇ ನಿಮಿಷದೊಳಗೆ ಕೂರುತ್ತದೆ. ಅದರ ಮೇಲೆ ಗೋಡು. ಅದಕ್ಕೆ ಗಂಟೆಗಟ್ಟಲೆ ಬೇಕು. ಕೊನೆಗೆ ಉಳಿಯೋದು ಜೇಡಿ. ಜೇಡಿ ಅಂದರೆ 0.002 ಮಿಲಿಮೀಟರಿಗಿಂತ ಸಣ್ಣ ಕಣ. ಅಷ್ಟು ಗಾತ್ರದ ಕಣ 10 ಸೆಂಟಿಮೀಟರ್ ಇಳಿಯೋದಕ್ಕೆ ಸುಮಾರು 8 ಗಂಟೆ ಹಿಡಿಯುತ್ತದೆ. ಇದರ ಲೆಕ್ಕವನ್ನು ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲೇ ಹಾಕಿಕೊಟ್ಟಿದ್ದಾನೆ. ಕಣದ ಅಡ್ಡಳತೆ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬೀಳುತ್ತದೆ. ತೀರಾ ನುಣ್ಣನೆಯ ಜೇಡಿ ವಾರವಾದರೂ ಕೂರದೆ ಸತಾಯಿಸುವುದುಂಟು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಈ ಕಣಗಳ ಮೈಮೇಲೆಲ್ಲ ಋಣ ವಿದ್ಯುತ್ ಇರುತ್ತದೆ. ಎಲ್ಲದರದ್ದೂ ಒಂದೇ ಬಗೆಯಾದ್ದರಿಂದ ಒಂದನ್ನೊಂದು ದೂಡುತ್ತವೆ, ಒಟ್ಟುಗೂಡಿ ಭಾರವಾಗೋದಿಲ್ಲ.

ಇಲ್ಲಿ ಪಟಿಕ ಬೇಕಾಗುತ್ತದೆ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ಅದರಲ್ಲಿನ ಅಲ್ಯೂಮಿನಿಯಂ ಧನ ವಿದ್ಯುತ್ತಿನದು. ಅದು ಜೇಡಿಯ ಜಗಳ ಬಿಡಿಸಿ ಕಣಗಳನ್ನು ಹತ್ತಿಯ ಚೂರಿನಂತೆ ಗುಡ್ಡೆ ಕಟ್ಟಿಸುತ್ತದೆ, ಗುಡ್ಡೆ ತಳಕ್ಕೆ ಇಳಿಯುತ್ತದೆ. ಶಿವಮೊಗ್ಗ ಪೇಟೆಗೆ ತುಂಗೆಯ ನೀರನ್ನು ಕುಡಿಯಲು ಕೊಡುವಾಗ ಮಾಡೋದೂ ಇದನ್ನೇ: ಪಟಿಕ, ಆಮೇಲೆ ತೊಟ್ಟಿಯಲ್ಲಿ ನಿಲ್ಲಿಸೋದು, ಮರಳಿನಲ್ಲಿ ಸೋಸೋದು, ಕ್ಲೋರಿನ್. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಇಡುತ್ತಿದ್ದರು. ನುಗ್ಗೆ ಬೀಜದ ಪುಡಿಯೂ ಆ ಕೆಲಸ ಮಾಡುತ್ತದೆ, ಆದರೆ ಅಂಥ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು, ಕೆಡುತ್ತದೆ. ತಾಯಂದಿರು ಒಂದು ಮಾತು ಗಮನಿಸಬೇಕು. ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ. ರೋಗದ ಕ್ರಿಮಿ ಕಣ್ಣಿಗೆ ಕಾಣೋದಿಲ್ಲ. ಕುದಿಸಲೇಬೇಕು.

ಇನ್ನು ಹೊಳೆಗಳ ಕಡೆ ಬರೋಣ. ಜುಲೈ ತಿಂಗಳಲ್ಲಿ ಶಿವಮೊಗ್ಗದ ಸೇತುವೆ ಮೇಲೆ ನಿಂತು ನೋಡಿದರೆ ತುಂಗೆ ಕೆಂಪಗೆ ಹರಿಯುತ್ತಿರುತ್ತಾಳೆ. ಗಾಜನೂರಿನ ಅಣೆಕಟ್ಟಿನಲ್ಲಿ ಹಿಡಿಯೋದು 3 ಟಿಎಂಸಿ ಚಿಲ್ಲರೆ ಮಾತ್ರ. ಮಳೆ ಹಿಡಿದ ಕೆಲವೇ ದಿನಕ್ಕೆ ತುಂಬುತ್ತದೆ, ಆಮೇಲೆ ನೀರಿಗೆ ನಿಲ್ಲೋಕೆ ಪುರಸೊತ್ತೇ ಇಲ್ಲ. ಭದ್ರೆಯ ಕತೆ ಬೇರೆ. ಭದ್ರಾವತಿಗೆ ಬರುವ ಮೊದಲು ಅವಳು ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ನಿಂತು ಬರುತ್ತಾಳೆ. ಅಷ್ಟು ದೊಡ್ಡ ತೊಟ್ಟಿ! ಮೇಲಿನ ಮಣ್ಣಿನ ದೊಡ್ಡ ಪಾಲು ಅಲ್ಲೇ ಕೂರುತ್ತದೆ. ನೀರಿಗೆ ಲಾಭ, ಜಲಾಶಯಕ್ಕೆ ನಷ್ಟ. ಕುದುರೆಮುಖದ ಗಣಿಯಿಂದ ಭದ್ರೆಗೆ ಮಣ್ಣು ಇಳಿಯುತ್ತದೆ ಅಂತ ಎದ್ದ ತಕರಾರು ನಿಮಗೆ ನೆನಪಿರಬಹುದು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು.

ಆದರೆ ಗಣಿಯನ್ನೇ ಬೈದು ನಾವು ಸುಮ್ಮನಿರುವಂತಿಲ್ಲ. ಕೂಡ್ಲಿಯಲ್ಲಿ ಎರಡೂ ಹೊಳೆ ಸೇರಿ ಹೊಸಪೇಟೆಗೆ ಹೋಗುತ್ತವೆ. ಅಲ್ಲಿನ ತುಂಗಭದ್ರಾ ಜಲಾಶಯ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಹಿಡಿಯೋದು ಸುಮಾರು 105. ಆ ಹೂಳಿನಲ್ಲಿ ನಮ್ಮ ಗದ್ದೆಯ ಮಣ್ಣೂ ಇದೆ.

ಕೆಸರು ಹೊಡೆಯುವಾಗ ನಾವು ಬೇಕೆಂದೇ ಮಣ್ಣು ನೀರು ಕಲಸುತ್ತೇವೆ. ಅದು ಸರಿಯಾದ ಕೆಲಸವೇ. ಜೇಡಿ ಬಿಡಿಯಾಗಿ ತಳದ ಸಂದುಗಳಿಗೆ ಕೂತು ನೀರು ಇಂಗದಂತೆ ತಡೆಯುತ್ತದೆ. ಆದರೆ ನಾಟಿಗೆ ನೀರು ಹೆಚ್ಚಾಯಿತು ಅಂತ ಅದೇ ಸಂಜೆ ಬದುವಿನ ಗಂಡಿ ಕಡಿದು ಬಿಡುತ್ತೇವಲ್ಲ, ಅಲ್ಲೇ ಪೆಟ್ಟು ಬೀಳೋದು. ಆಗ ಮರಳು ಗದ್ದೆಯಲ್ಲಿ ಉಳಿಯುತ್ತದೆ, ಜೇಡಿ ಹೋಗುತ್ತದೆ. ಸಾರ ಹಿಡಿದಿಡುವುದು ಜೇಡಿಯೇ. ಡಿಎಪಿಯ ರಂಜಕ ಅದಕ್ಕೇ ಅಂಟಿಕೊಂಡಿರುತ್ತದೆ.

ಮಾಡಬೇಕಾದ್ದು ದೊಡ್ಡದಲ್ಲ. ಕೆಸರು ಹೊಡೆಯುವ ಮೊದಲೇ ನೀರು ಹದ ನೋಡಿ ಕಟ್ಟಿ, ಗಂಡಿ ಭದ್ರವಾಗಿ ಮುಚ್ಚಿ. ನಾಲ್ಕೈದು ಸೆಂಟಿಮೀಟರ್ ನೀರಾದರೆ ಒಂದು ರಾತ್ರಿಯಲ್ಲಿ ಮಣ್ಣಿನ ದೊಡ್ಡ ಪಾಲು ಕೂರುತ್ತದೆ. ಜೇಡಿ ಗದ್ದೆಯಾದರೆ ಎರಡು ದಿನ ಬಿಡಿ. ಆಮೇಲೂ ನೀರು ತೆಗೆಯಲೇಬೇಕಾದರೆ ಗಂಡಿಯನ್ನು ಬುಡದವರೆಗೆ ಕಡಿಯದೆ, ಮೇಲಿನ ತಿಳಿ ಮಾತ್ರ ಜಾರುವಷ್ಟು ಕೆತ್ತಿ.

ಮೇಲಿನ ಗದ್ದೆಯ ಕೆಸರು ನೀರು ಕೆಳಗಿನವನಿಗೆ ಲಾಭವಲ್ಲವೇ ಅಂತ ಕೇಳುವವರಿದ್ದಾರೆ. ಒಂದಿಷ್ಟು ನಿಜ. ಆದರೆ ಕಟ್ಟಕಡೆಯ ಗದ್ದೆಯ ಆಚೆ ಇರೋದು ಹಳ್ಳ. ನಾಲೆ ನೀರು ಬಂದ ವಾರ ಎಲ್ಲರಿಗೂ ಅವಸರ, ಎಲ್ಲರೂ ಒಟ್ಟಿಗೆ ಗಂಡಿ ಕಡಿಯುತ್ತಾರೆ. ಹಾಗಾಗಿ ಒಂದೇ ತೂಬಿನ ಕೆಳಗಿನವರು ಈ ಸಲ ಕೆಸರು ಹೊಡೆಯುವ ಮೊದಲೇ ಕೂತು ಸರದಿ ಮಾತಾಡಿಕೊಳ್ಳಿ. ಯಾರದು ಯಾವ ದಿನ, ಯಾರ ನೀರು ಎಷ್ಟು ಹೊತ್ತು ನಿಲ್ಲಬೇಕು ಅಂತ. ಅದಕ್ಕೆ ಸಂಘದ ಈ ಜಗುಲಿಯೇ ಸಾಕು.