ಹಳೆಯ ಅಂಗೈ ಆಟಗಳಿಗೆ ಹೊಸ ಯಂತ್ರ ಬೇಕೇ?

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



1989ರ ಏಪ್ರಿಲ್ ತಿಂಗಳಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಗೇಮ್ ಬಾಯ್ ಎಂಬ ಅಂಗೈ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಪರದೆಗೆ ಬಣ್ಣವಿರಲಿಲ್ಲ, ಒಳಬೆಳಕೂ ಇರಲಿಲ್ಲ. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ಪಾಚಿಹಸಿರಿನ ನಾಲ್ಕು ಛಾಯೆಗಳು. ಇಷ್ಟರಲ್ಲೇ ಅದರ ಜಗತ್ತು ಮುಗಿಯುತ್ತಿತ್ತು. ಅದೇ ವರ್ಷ ಬಂದ ಅಟಾರಿ ಲಿಂಕ್ಸ್, ಮರುವರ್ಷ ಬಂದ ಸೆಗಾ ಗೇಮ್ ಗೇರ್ ಇವೆರಡಕ್ಕೂ ಬೆಳಗುವ ಬಣ್ಣದ ಪರದೆಗಳಿದ್ದವು. ಆದರೆ ಅವು ಆರಾರು ಪೆನ್ಸಿಲ್ ಸೆಲ್‌ಗಳನ್ನು ನುಂಗಿ ನಾಲ್ಕೈದು ಗಂಟೆಗಳಲ್ಲೇ ಬಳಲುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್‌ಗಳಲ್ಲಿ ಅದರ ಎರಡು ಮೂರು ಪಟ್ಟು ಹೊತ್ತು ನಡೆಯುತ್ತಿತ್ತು. ಜನ ಬಣ್ಣವನ್ನು ಬಿಟ್ಟು ಬಾಳಿಕೆಯನ್ನು ಆರಿಸಿಕೊಂಡರು. 1998ರ ಗೇಮ್ ಬಾಯ್ ಕಲರ್ ಸೇರಿ ಒಟ್ಟು 11.87 ಕೋಟಿ ಯಂತ್ರಗಳು ಮಾರಾಟವಾದವು.

ಈ ಯಂತ್ರವನ್ನು ರೂಪಿಸಿದ ವಿಭಾಗದ ಮುಖ್ಯಸ್ಥರಾಗಿದ್ದ ಗುಂಪೆಯಿ ಯೊಕೊಯಿ ಅವರ ಸೂತ್ರ ಸರಳವಾಗಿತ್ತು: ಹಳತಾಗಿ ಹಣ್ಣಾದ, ಅಗ್ಗವಾಗಿ ದೊರೆಯುವ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆಗೆ ತಿರುಗಿಸುವುದು. ಕೊಲ್ಲಿ ಯುದ್ಧದ ಬಾಂಬ್ ದಾಳಿಯಲ್ಲಿ ಹೊರಕವಚವೆಲ್ಲ ಸುಟ್ಟು ಕರಗಿದ ಒಂದು ಗೇಮ್ ಬಾಯ್, ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಬಹುಕಾಲ ಪ್ರದರ್ಶನಕ್ಕಿತ್ತು. ಅದು ಆಗಲೂ ಚಾಲೂ ಇತ್ತು!

ಪ್ರಶ್ನೆ ಇರುವುದು ಈಗ. ಆ ಕಾಲದ ಆಟಗಳನ್ನು ಇಂದು ಆಡಬಯಸುವವರು ಯಾವ ಯಂತ್ರವನ್ನು ಆರಿಸಬೇಕು? ಇದು ಮಕ್ಕಳಾಟದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಅಂಗಡಿಯಲ್ಲಿ ದೊರೆಯುವುದಿಲ್ಲ. ಗೇಮ್ ಬಾಯ್ ಆಟಗಳ ಪೈಕಿ ದೊರೆಯುವುದು ಶೇ. 6ಕ್ಕೂ ಕಡಿಮೆ. 2023ರಿಂದ ಈಚೆಗೆ ನಿಂಟೆಂಡೊ ತನ್ನ ಸ್ವಿಚ್ ಯಂತ್ರದ ಚಂದಾದಾರರಿಗೆ ಕೆಲವು ಹಳೆಯ ಆಟಗಳನ್ನು ಒದಗಿಸುತ್ತಿದೆ, ನಿಜ. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ಅದರ 3ಡಿಎಸ್ ಯಂತ್ರದ ಅಂತರ್ಜಾಲ ಮಳಿಗೆಯಲ್ಲಿ ಮಾರಾಟ ನಿಂತುಹೋಯಿತು. ಕಂಪನಿಯ ಕೃಪೆಯನ್ನು ನಂಬಿದವರಿಗೆ ಆಟವು ಬಾಡಿಗೆಯ ವಸ್ತು ಮಾತ್ರ.

ಕಾರ್ಟ್ರಿಜ್ ಕೈಯಲ್ಲಿರುವವರು ಯಂತ್ರದ ಮಾತಿಗೆ ಮೊದಲು ಕಾರ್ಟ್ರಿಜ್‌ನ ಒಳಗನ್ನು ಅರಿಯಬೇಕು. ಆಟದ ಪ್ರಗತಿಯನ್ನು ಉಳಿಸಿಕೊಳ್ಳುವ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಒಂದು ಗುಂಡಿ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಒಳಗಿನ ಸ್ಮರಣಕೋಶಕ್ಕೆ ಅದೇ ಜೀವಜಲ. ಅದು ಬತ್ತಿದರೆ ದಾಖಲೆ ಅಳಿಯಿತು. ಪೋಕೆಮಾನ್ ಸರಣಿಯ 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಇದರ ಜೊತೆಗೆ ಗಡಿಯಾರವೂ ಓಡುವುದರಿಂದ ಬ್ಯಾಟರಿ ಇನ್ನೂ ಬೇಗ ಸೋಲುತ್ತದೆ. ಎಳೆಯ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಕೂಡಿಸಿದ್ದು ಅದರಲ್ಲಿ ಉಳಿದಿರುವವರು ಅವಸರದಲ್ಲಿ ಬ್ಯಾಟರಿ ಬದಲಾಯಿಸಲು ಹೋಗಬಾರದು; ಹಳೆಯದನ್ನು ಬಿಚ್ಚಿದ ಕ್ಷಣವೇ ದಾಖಲೆ ಹೋಗುತ್ತದೆ. ಕಾರ್ಟ್ರಿಜ್‌ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಜಿಬಿ ಆಪರೇಟರ್, ಜಿಬಿಎಕ್ಸ್‌ಕಾರ್ಟ್‌ನಂಥ ಪುಟ್ಟ ಸಾಧನಗಳಿವೆ. ಮೊದಲು ಅದರಿಂದ ದಾಖಲೆಯ ನಕಲು ತೆಗೆದು, ಆಮೇಲೆ ಬ್ಯಾಟರಿ ಬದಲಿಸಿ, ಕಡೆಗೆ ದಾಖಲೆಯನ್ನು ಮರಳಿ ತುಂಬಬೇಕು. ಈ ಅನುಕ್ರಮ ತಪ್ಪಿದರೆ ಎಷ್ಟೇ ದುಬಾರಿ ಯಂತ್ರ ಕೊಂಡರೂ ಕಳೆದದ್ದು ಬಾರದು.

ಇನ್ನು ಯಂತ್ರ. ಅಟ್ಟದ ಮೇಲೆ ಹಳೆಯ ಗೇಮ್ ಬಾಯ್ ಇದ್ದರೆ ಅದನ್ನು ಸತ್ತಿತೆಂದು ಭಾವಿಸುವ ಮುನ್ನ ಬಿಚ್ಚಿ ನೋಡುವುದು ಒಳ್ಳೆಯದು. ಸೆಲ್ ಸೋರಿ ಹಸಿರುಗಟ್ಟಿದ ತಗಡುಗಳನ್ನು ಉಜ್ಜಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಪರದೆಯಲ್ಲಿ ಕಾಣೆಯಾಗುವ ಲಂಬ ಗೆರೆಗಳಿಗೂ ಮದ್ದುಂಟು: ಪರದೆಯ ಅಂಚಿನ ಪಟ್ಟಿಯನ್ನು ಬೆಸುಗೆ ಕಡ್ಡಿಯಿಂದ ಹದವಾಗಿ ಬಿಸಿ ಮಾಡಿದರೆ ಹಲವು ಬಾರಿ ಸಂಪರ್ಕ ಮರಳುತ್ತದೆ. ಮೂರು ಸೀಳಿನ ತಲೆಯ ಸ್ಕ್ರೂಗಳಿಗೆ ಬೇರೆಯದೇ ಸ್ಕ್ರೂಡ್ರೈವರ್ ಬೇಕೆಂಬುದಷ್ಟೇ ತೊಡಕು. ಹೊಳೆಯುವ ಹೊಸ ಪರದೆಯನ್ನು ಕೂರಿಸುವವರೂ ಇದ್ದಾರೆ. ಕಣ್ಣಿಗೆ ಹಿತ, ಆದರೆ ಸೆಲ್ ಬೇಗ ಖಾಲಿ.

ನಂತರದ ತಲೆಮಾರುಗಳಲ್ಲಿ ಕಾರ್ಟ್ರಿಜ್ ಹೊಂದಾಣಿಕೆಯ ಸೂಕ್ಷ್ಮ ತಿಳಿದಿರಬೇಕು. 2001ರ ಗೇಮ್ ಬಾಯ್ ಅಡ್ವಾನ್ಸ್ ಮತ್ತು ಮಡಚುವ 2003ರ ಎಸ್‌ಪಿ ಮಾದರಿಗಳು ಮೂರೂ ಪೀಳಿಗೆಯ ಕಾರ್ಟ್ರಿಜ್‌ಗಳನ್ನು ಒಪ್ಪುತ್ತವೆ. 2005ರ ಮೈಕ್ರೊ ಹಾಗೂ ಡಿಎಸ್, ಡಿಎಸ್ ಲೈಟ್‌ಗಳು ಅಡ್ವಾನ್ಸ್ ಆಟಗಳನ್ನು ಮಾತ್ರ ಆಡಿಸುತ್ತವೆ. ಆ ಬಳಿಕ ಬಂದ ಡಿಎಸ್‌ಐನಲ್ಲಿ ಆ ಕಿಂಡಿಯೇ ಇಲ್ಲ.

ಹೊಸದಾಗಿ ತಯಾರಾದ ಯಂತ್ರಗಳಲ್ಲಿ ಎರಡು ಕುಲಗಳಿವೆ. ಒಂದು, ತನ್ನೊಳಗಿನ ತರ್ಕಮಂಡಲಗಳನ್ನೇ ಹಳೆಯ ಚಿಪ್‌ನಂತೆ ಮರುಜೋಡಿಸಿಕೊಳ್ಳುವ ಎಫ್‌ಪಿಜಿಎ ಕುಲ. 2021ರ ಅನಲಾಗ್ ಪಾಕೆಟ್ ಹೀಗೆ ಹಳೆಯ ಕಾರ್ಟ್ರಿಜ್‌ಗಳನ್ನು ನೇರವಾಗಿ ಓದುತ್ತದೆ. ಅದರ ಪರದೆ 1600ಕ್ಕೆ 1440 ಚುಕ್ಕಿಗಳದು, ಅಂದರೆ ಮೂಲದ ಪ್ರತಿ ಚುಕ್ಕಿಯೂ ಉದ್ದಗಲಗಳಲ್ಲಿ ಸರಿಯಾಗಿ ಹತ್ತು ಪಟ್ಟು. 2024ರಲ್ಲಿ ಬಂದ ಕ್ರೊಮ್ಯಾಟಿಕ್ ಇನ್ನೊಂದು ದಾರಿ ಹಿಡಿದು 160ಕ್ಕೆ 144ರ ಪರದೆಯನ್ನೇ ಉಳಿಸಿಕೊಂಡಿದೆ. ಮೂರು ಪೆನ್ಸಿಲ್ ಸೆಲ್‌ಗಳಲ್ಲಿ ನಡೆಯುತ್ತದೆ, ಆದರೆ ಅಡ್ವಾನ್ಸ್ ಆಟಗಳನ್ನು ಆಡಿಸದು. ಬಿಡುಗಡೆಯ ಹೊತ್ತಿಗೆ ಎರಡರ ಬೆಲೆಯೂ 200 ಡಾಲರ್‌ಗಳ ಆಸುಪಾಸಿನಲ್ಲಿತ್ತು. ಕಾರ್ಟ್ರಿಜ್‌ಗಳ ರಾಶಿಯೇ ಇರುವವರಿಗೆ ಇದು ಸಲ್ಲಬಹುದು. ಒಂದೆರಡು ಆಟಗಳಿಗಾಗಿ ಇಷ್ಟು ಸುರಿಯುವುದು ದುಂದು.

ಎರಡನೆಯದು ತಂತ್ರಾಂಶದಿಂದ ಅನುಕರಿಸುವ ಎಮ್ಯುಲೇಟರ್ ಕುಲ. ಮಿಯೂ ಮಿನಿ, ಆನ್‌ಬರ್ನಿಕ್‌ನ ಹಲವು ಮಾದರಿಗಳು ಈ ಜಾತಿಯವು, ಬೆಲೆಯೂ ಕಡಿಮೆ. ಇಲ್ಲಿ ಕೊಳ್ಳುವವರು ಜಾಹೀರಾತಿನ ದೊಡ್ಡ ಸಂಖ್ಯೆಗಳಿಗೆ ಮರುಳಾಗದೆ ಪರದೆಯ ಗಣಿತ ಮಾಡಬೇಕು. ಒಂದು ಚುಕ್ಕಿಯನ್ನು ಎರಡು ಅಥವಾ ಮೂರು ಪಟ್ಟು ಹಿಗ್ಗಿಸಿದರೆ ಚಿತ್ರ ಚೊಕ್ಕವಾಗಿರುತ್ತದೆ. ಎರಡೂಮುಕ್ಕಾಲು ಪಟ್ಟು ಹಿಗ್ಗಿಸಿದರೆ ಕೆಲವು ಗೆರೆ ದಪ್ಪ, ಕೆಲವು ತೆಳುವಾಗಿ ಓಡಾಟದಲ್ಲಿ ಕಣ್ಣು ಕುಕ್ಕುತ್ತದೆ. 640ಕ್ಕೆ 480ರ ಪರದೆಯಲ್ಲಿ ಗೇಮ್ ಬಾಯ್ ಚಿತ್ರ ಮೂರು ಪಟ್ಟಾಗಿ 480ಕ್ಕೆ 432 ಆಗುತ್ತದೆ, ಪರದೆಯ ಎತ್ತರವನ್ನು ಹೆಚ್ಚುಕಡಿಮೆ ತುಂಬುತ್ತದೆ. ಆದರೆ 240ಕ್ಕೆ 160ರ ಅಡ್ವಾನ್ಸ್ ಚಿತ್ರ ಅದರಲ್ಲಿ ಎರಡು ಪಟ್ಟಿಗಿಂತ ಚೊಕ್ಕವಾಗಿ ಹಿಗ್ಗದು. 720ಕ್ಕೆ 480ರ ಪರದೆಯಿರುವ ಆರ್‌ಜಿ34ಎಕ್ಸ್‌ಎಕ್ಸ್‌ನಂಥ ಯಂತ್ರದಲ್ಲಿ ಅದು ಮೂರು ಪಟ್ಟಾಗಿ ಅಂಚಿನಿಂದ ಅಂಚಿಗೆ ಕೂರುತ್ತದೆ. ಅಡ್ವಾನ್ಸ್ ಆಟಗಳೇ ಮುಖ್ಯವಾದವರಿಗೆ ಈ ಒಂದು ಲೆಕ್ಕ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ, ಬಹುಪಾಲು ಜನರಿಗೆ ಬೇಕಾದ ಯಂತ್ರ ಅವರ ಮೇಜಿನ ಖಾನೆಯಲ್ಲೇ ಬಿದ್ದಿರುತ್ತದೆ. ಗೇಮ್ ಬಾಯ್‌ನ ಮಿದುಳಿನ ವೇಗ ಸೆಕೆಂಡಿಗೆ ಸುಮಾರು 42 ಲಕ್ಷ ಮಿಡಿತ. ಹತ್ತು ವರ್ಷ ಹಳೆಯ ಮೊಬೈಲ್ ಫೋನಿಗೂ ಅದನ್ನು ಅನುಕರಿಸುವುದು ಲೀಲಾಜಾಲ. ಆಂಡ್ರಾಯ್ಡ್ ಫೋನುಗಳಲ್ಲಿ ಈ ಸೌಲಭ್ಯ ಬಹುಕಾಲದಿಂದ ಇದೆ. ಆಪಲ್ ಸಂಸ್ಥೆಯೂ 2024ರ ಏಪ್ರಿಲ್‌ನಲ್ಲಿ ತನ್ನ ಮಳಿಗೆಯಲ್ಲಿ ಇಂಥ ತಂತ್ರಾಂಶಗಳಿಗೆ ಅನುಮತಿ ನೀಡಿತು. ಗಾಜಿನ ಮೇಲೆ ಗುಂಡಿಯ ಸ್ಪರ್ಶ ಸಿಗದೆಂಬ ಆಕ್ಷೇಪ ಸರಿಯೇ. ಅದಕ್ಕೆ ಒಂದು ಸಾಮಾನ್ಯ ಬ್ಲೂಟೂತ್ ನಿಯಂತ್ರಕ ಸಾಕು, ಹೊಸ ಯಂತ್ರವೇ ಬೇಕಿಲ್ಲ.

ಆಟದ ಕಡತ ಎಲ್ಲಿಂದ ಬಂತೆಂಬುದೂ ಮುಖ್ಯ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಕಂಪ್ಯೂಟರ್ ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದು ನಷ್ಟವಾಗದಂತೆ ತಾತ್ಕಾಲಿಕ ರಕ್ಷಣೆಗಾಗಿ ನಕಲು ತೆಗೆಯಲು ಅವಕಾಶ ಕೊಡುತ್ತದೆ. ಸಾವಿರಾರು ಆಟಗಳನ್ನು ತುಂಬಿ ಅಗ್ಗದ ಯಂತ್ರದೊಂದಿಗೆ ಕೊಡುವ ಮೆಮೊರಿ ಕಾರ್ಡ್‌ಗೆ ಆ ಆಸರೆ ಇಲ್ಲ. ಅಂಥ ಕಾರ್ಡ್‌ಗಳು ಬಾಳಿಕೆಗೂ ಕುಖ್ಯಾತ.

ಕೊನೆಯದಾಗಿ ಲಿಥಿಯಂ ಬ್ಯಾಟರಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮನೆಗಳಲ್ಲಿ ಬದಲಾಯಿಸಬಲ್ಲ ಸೆಲ್‌ನ ಯಂತ್ರವೇ ಅನುಕೂಲ. ಮರುಪೂರಣದ ಸೆಲ್‌ಗಳಾದರೆ ಸೂರ್ಯಫಲಕದಲ್ಲೂ ತುಂಬಿಸಬಹುದು. ಒಳಗೇ ಬ್ಯಾಟರಿ ಇರುವ ಎಸ್‌ಪಿ ಅಥವಾ ಹೊಸ ಯಂತ್ರ ಕೊಳ್ಳುವವರು ಬದಲಿ ಬ್ಯಾಟರಿ ಸಿಗುವುದೇ ಎಂದು ವಿಚಾರಿಸಿಕೊಳ್ಳಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒಲೆಗೆ ಹಾಕಬಾರದು, ಗೊಬ್ಬರದ ಗುಂಡಿಗೂ ಎಸೆಯಬಾರದು. ಕೆಟ್ಟ ಯಂತ್ರವಾದರೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಆಟಿಕೆ ಹಾಗೂ ವಿರಾಮದ ವಿದ್ಯುನ್ಮಾನ ಉಪಕರಣಗಳಿಗೂ ಅನ್ವಯವಾಗುತ್ತವೆ. ಪೇಟೆಗೆ ಹೋಗುವ ದಿನ ಎರಡನ್ನೂ ಒಣ ಡಬ್ಬಿಗಳಲ್ಲಿ ಬೇರೆ ಬೇರೆಯಾಗಿ ಒಯ್ದು ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬಹುದು.